ಬಾಗಿಲು ಬಡಿಯುವವನು

ನಿನ್ನೆ ರಾತ್ರಿ ಕರೆಂಟು ಹೋಗುವ ಮೊದಲೇ
ನಾಲ್ಕು ಜಿಬಿ ಇಳಿದು ಮುಗಿದದ್ದೇ ದೊಡ್ಡದು.
ತೊಂಬತ್ತೊಂಬತ್ತಕ್ಕೆ ಬಂದು ನಿಂತು
ಅರ್ಧ ಗಂಟೆ ಯೋಚನೆ ಮಾಡಿ
ಕೊನೆಗೆ ‘ಆಯಿತು’ ಅಂದಿತು.
ಹಳೇ ಬೂದು ಹೋಗಿ ಪರದೆಗೆಲ್ಲ ಕಡುನೀಲಿ.
ಕತ್ತರಿ ಇದ್ದಲ್ಲಿ ಕತ್ತರಿ ಇಲ್ಲ.
ಹೆಂಡತಿ ಊರಿಗೆ ಹೋದಾಗ ಅವಳಕ್ಕ ಬಂದು
ಅಡುಗೆಮನೆ ಡಬ್ಬಿ ಜೋಡಿಸಿಟ್ಟ ಹಾಗೆ:
ಎಲ್ಲಾ ಇದೆ,
ಸಾಸಿವೆ ಮಾತ್ರ ಸಿಗುತ್ತಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಖಲಂದರ್ ಸಾಬರ ಭಟ್ಟಿ, ಅದರ ಮಾಳಿಗೆ ನನ್ನ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಎರಡು ಕೌದಿ.
ಆದರೂ ಕೆಳಗೆ ಕಾದ ಮರಳಿಗೆ ಅಕ್ಕಿ ಬಿದ್ದರೆ
ಮೇಲೆ ಮೈಕಿನ ಕಿವಿಯಲ್ಲಿ ಚಟಪಟ.
ಹನ್ನೊಂದು ವರ್ಷ
ಒಂದು ಒಬ್ಬೆಗೂ ಇನ್ನೊಂದು ಒಬ್ಬೆಗೂ ನಡುವಿನ ಬಿಡುವಿನಲ್ಲಿ
ಹಾಡು ಹಿಡಿದವನು ನಾನು.

ಹೊಸದರಲ್ಲಿ ಅದಕ್ಕೂ ಒಂದು ಗುಂಡಿ.
ಎರಡು ಸೆಕೆಂಡು ಭಟ್ಟಿಯ ಸದ್ದು ಕೇಳಿಸಿದರೆ ಸಾಕು,
ಗುರುತು ಹಿಡಿದು ಹಾಡಿನೊಳಗಿಂದ ಹೆಕ್ಕಿ ಹಾಕುತ್ತದೆ,
ಮೊರದಲ್ಲಿ ಕಲ್ಲು ಆರಿಸಿದಂತೆ.
ಖಲಂದರ್ ಸಾಬರನ್ನು ಕರೆದು ತೋರಿಸಿದೆ.
ಹೆಡ್‌ಫೋನ್ ತೆಗೆದು, ಕಣ್ಣೊರೆಸಿಕೊಂಡು,
‘ಹೊಗೆ ತೆಗೆಯೋ ಗುಂಡಿ ಐತೇನಪ್ಪ ಇದ್ರಾಗೆ?’ ಅಂದರು.

ಉಸಿರಿಗೂ ಒಂದಿದೆ. ಒತ್ತಿದರೆ
ಸಾಲಿಗೂ ಸಾಲಿಗೂ ನಡುವೆ ಎಳೆದುಕೊಂಡ ಗಾಳಿ ಮಾಯ.
ಕೆಳಗೆ ಜರಡಿ ಹಿಡಿಯುವ ಉಚ್ಚಂಗೆಮ್ಮ
ಅದನ್ನು ಕೇಳಿ ಗಾಬರಿಯಾದಳು:
‘ಉಸಿರೇ ಇಲ್ಲದೆ ಹಾಡ್ತಾಳಲ್ಲೋ, ಯಾರೋ ಇವಳು,
ಬದುಕಿದಾಳೋ ಇಲ್ಲೋ?’
ಅದನ್ನು ಆರಿಸಿಟ್ಟೆ.

ಅವಳು ಬಂದದ್ದು ಸಂಘದ ಕೆಲಸಕ್ಕೆ.
ಹನ್ನೆರಡು ಹೆಂಗಸರು ತಲಾ ನೂರು ಹಾಕಿ
ಸೋಬಾನೆ ಪದ ಪೆನ್‌ಡ್ರೈವಿಗೆ ಬೇಕಂತ.
ಎರಡು ವರ್ಷದ ಕೆಳಗೂ ಬಂದಿದ್ದಳು.
ಆಗ ನಾನು ಕಿವಿಗೆ ಟಿಕ್‌ಟಿಕ್ ಕೊಟ್ಟು
‘ಇದರ ಹಿಂದೆ ಹಾಡಮ್ಮ, ಮುಂದೆ ಹೋಗಬೇಡ’ ಅಂದಿದ್ದೆ.
ಎರಡು ಸಾಲು ಹಾಡಿದವಳು ತಟ್ಟನೆ ನಿಂತು
‘ಯಾರೋ ಬಾಗಿಲು ಬಡಿತಾರೆ, ತೆಗಿ’ ಅಂದಳು.
ಮೂರನೇ ಸಲಕ್ಕೆ ನನಗೆ ತಾಳ್ಮೆ ಹೋಗಿ
‘ನಿನಗೆ ತಾಳ ಇಲ್ಲ’ ಅಂದುಬಿಟ್ಟೆ.
ಏನೂ ಅನ್ನಲಿಲ್ಲ. ಸೆರಗು ಕೊಡವಿ
ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ
ಜರಡಿಯ ಸದ್ದು ಕೇಳಿತು.

ಈ ಸಲ ಕಿವಿಗೆ ಏನೂ ಕೊಡಲಿಲ್ಲ.
ಹಾಡಿದಳು. ಯಂತ್ರ ಸುಮ್ಮನೆ ಕೇಳಿತು,
ಕೇಳಿ, ಒಂದು ಗೆರೆ ಎಳೆಯಿತು.
ಎಂಬತ್ತನಾಲ್ಕರಲ್ಲಿ ಹೊರಟ ಗೆರೆ
ಬೀಗರು ಅಂಗಳಕ್ಕೆ ಬರುವಲ್ಲಿ ತೊಂಬತ್ತೊಂದಕ್ಕೆ ಏರಿ
ನುಡಿಯ ಕೊನೆಗೆ ಎಪ್ಪತ್ತೊಂಬತ್ತಕ್ಕೆ ಇಳಿದಿದೆ.
ತಪ್ಪು ಅಂದುಕೊಂಡೆ. ಮುಂದಿನ ನುಡಿ ನೋಡಿದೆ.
ಅಲ್ಲೂ ಅದೇ ಏರು, ಅದೇ ಇಳಿತ.
ಆರು ನುಡಿ, ಆರು ಸಲ,
ಸರಿಯಾಗಿ ಅದೇ ಅಕ್ಷರಕ್ಕೆ,
ಜರಡಿ ಓರೆಮಾಡಿ ಮಂಡಕ್ಕಿ ಸುರಿಯುವಷ್ಟು ಹೊತ್ತು.

ಕುರ್ಚಿ ಹಿಂದೆ ತಳ್ಳಿ ಕೂತೆ.
ಟೀ ಆರಿತ್ತು.

ಈಗ ಟಿಕ್‌ಟಿಕ್ ಅವಳ ಬೆನ್ನಿಗೆ ನಡೆಯುತ್ತದೆ.
ಹೋದ ವಾರ ರೇವಣಸಿದ್ದ ನುಡಿಸಿಟ್ಟುಹೋದ ಢೋಲಕ್ಕು ಕೂಡ
ಗೆರೆಗೆ ಕಟ್ಟಿದ ಮೇಲೆ
ಅವಳು ನಿಧಾನಿಸಿದರೆ ನಿಧಾನಿಸಿ
ಅವಳು ಓಡಿದರೆ ಹಿಂದೆ ಓಡುತ್ತದೆ,
ಪೇಟೆಯಲ್ಲಿ ಅವ್ವನ ಸೀರೆ ಹಿಡಿದ ಹುಡುಗನ ಥರ.
ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ?
ಅಪ್ಪಣೆ ಕೇಳುವ, ತಪ್ಪೊಪ್ಪುವ ಗುಂಡಿ
ಈ ಆವೃತ್ತಿಯಲ್ಲಿ ಬಂದ ಹಾಗಿಲ್ಲ;
ಪುಕ್ಕಟೆ ದಿನ ಬೇರೆ ಒಂಬತ್ತೇ ಉಳಿದಿವೆ,
ಆಮೇಲೆ ಅದರ ಬೆಲೆ ನನ್ನ ಮೂರು ತಿಂಗಳ ಬಾಡಿಗೆ.

‘ಅವತ್ತು ನಾನು ಅಂದದ್ದು…’ ಅಂತ ಶುರು ಮಾಡಿದೆ.
ಅವಳು ನೀರು ಕುಡಿಯುತ್ತಿದ್ದಳು.
ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿ ಕೇಳಿದಳು:
‘ಆವತ್ತು ಬಾಗಿಲು ಬಡಿತಿದ್ನಲ್ಲ,
ಇವತ್ತು ಬಂದಿಲ್ಲೇನೋ?’

‘ಬಂದಾನೆ. ನಿನ್ನ ಹಿಂದೆ ನಿಂತಾನೆ.’

‘ಕೂರಾಕೆ ಹೇಳು ಮತ್ತೆ,’ ಅಂದಳು,
‘ಎರಡನೇ ಪದ ಉದ್ದ ಐತೆ.’